ಡುಬ್ರೊವ್ನಿಕ್‌ನಿಂದ ಒಂದು ದಿನದ ವೈನ್ ಪ್ರವಾಸ: ಸಸ್ಯಾಹಾರಿ ಅತ್ತೆಯವರನ್ನು ಕರೆದೊಯ್ಯಬಹುದೇ?

ಕುಕ್ಕರಹಳ್ಳಿ ವಾಸಿ

ಎಲ್ಲರಿಗೂ ನಮಸ್ಕಾರ. ಬರುವ ಸೆಪ್ಟೆಂಬರ್ ತಿಂಗಳ ಎರಡನೆಯ ವಾರದಲ್ಲಿ ನಾನು, ನಮ್ಮ ಯಜಮಾನರು ಮತ್ತು ಎಪ್ಪತ್ತೊಂದು ವರ್ಷದ ನಮ್ಮ ಅತ್ತೆಯವರು ಕ್ರೊಯೇಷಿಯಾಕ್ಕೆ ಹೊರಟಿದ್ದೇವೆ. ಸ್ಪ್ಲಿಟ್‌ನಲ್ಲಿ ಎರಡು ದಿನ, ಡುಬ್ರೊವ್ನಿಕ್‌ನಲ್ಲಿ ನಾಲ್ಕು ದಿನ ಇರುತ್ತೇವೆ. ಆ ನಾಲ್ಕರಲ್ಲಿ ಒಂದು ದಿನವನ್ನು ಊರಾಚೆಯ ದ್ರಾಕ್ಷಿತೋಟಗಳಲ್ಲಿ ಕಳೆದು, ಅಲ್ಲಿನ ವೈನ್ ಸವಿದು, ಹಳ್ಳಿಯ ಊಟ ಮಾಡಿ ಬರಬೇಕೆಂಬುದು ನಮ್ಮ ಯಜಮಾನರ ಬಹುದಿನದ ಆಸೆ. ನಂದಿಬೆಟ್ಟದ ಬುಡದ ತೋಟಗಳಿಗೆ ಒಮ್ಮೆ ಹೋಗಿ ಬಂದ ಮೇಲೆ ಅವರಿಗೆ ಈ ಗೀಳು ಹತ್ತಿದೆ.

ತೊಡಕು ಇರುವುದು ಬೇರೆ ಕಡೆ. ಅತ್ತೆಯವರು ಮದ್ಯ ಮುಟ್ಟುವುದಿಲ್ಲ, ಮಾಂಸ ಮೀನು ಹೋಗಲಿ ಮೊಟ್ಟೆಯನ್ನೂ ತಿನ್ನುವುದಿಲ್ಲ. ಈರುಳ್ಳಿ ಬೆಳ್ಳುಳ್ಳಿಗೆ ಮಾತ್ರ ಅಭ್ಯಂತರವಿಲ್ಲ. "ನೀವಿಬ್ಬರೂ ಹೋಗಿ ಬನ್ನಿ, ನಾನು ರೂಮಿನಲ್ಲಿ ಮೊಸರನ್ನ ತಿಂದುಕೊಂಡು ಇರುತ್ತೇನೆ" ಎಂದು ಈಗಿನಿಂದಲೇ ಹೇಳತೊಡಗಿದ್ದಾರೆ. ಅಷ್ಟು ದೂರ ಕರೆದುಕೊಂಡು ಹೋಗಿ ಅವರನ್ನು ಕೋಣೆಯಲ್ಲಿ ಬಿಟ್ಟು ಹೋಗಲು ನನಗೆ ಮನಸ್ಸಿಲ್ಲ. ಅವರಿಗೂ ಹಿತವೆನಿಸುವಂತೆ ಆ ದಿನವನ್ನು ಹೊಂದಿಸಲು ಸಾಧ್ಯವೇ? ಯಾವ ಪ್ರದೇಶ ಸೂಕ್ತ, ಬಾಡಿಗೆ ಕಾರು ಒಳ್ಳೆಯದೋ ಟೂರ್ ಬಸ್ಸು ಒಳ್ಳೆಯದೋ, ಊಟದ ವಿಷಯದಲ್ಲಿ ಏನು ಎಚ್ಚರ ವಹಿಸಬೇಕು ಎಂಬುದನ್ನು ಹೋಗಿ ಬಂದವರು ದಯವಿಟ್ಟು ತಿಳಿಸಿ. ನಮ್ಮದು ಒಂದೇ ಸಲ ಪ್ರವೇಶ ನೀಡುವ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ನಡೆಯುವ ವೀಸಾ) ಎಂಬುದನ್ನೂ ಹೇಳಿಬಿಡುತ್ತೇನೆ.

ಮ್ಯೂನಿಕ್ ಮಲೆನಾಡಿಗ

ನಮಸ್ಕಾರ ಮೇಡಂ. ನಾನು ಮ್ಯೂನಿಕ್‌ನಿಂದ ಎರಡು ಬಾರಿ ಆ ಕಡೆಗೆ ಹೋಗಿದ್ದೇನೆ, ಎರಡು ಬಾರಿಯೂ ಪೆಲ್ಯೆಶಾತ್ಸ್ ಪರ್ಯಾಯದ್ವೀಪಕ್ಕೆ. ವೈನ್ ಮುಖ್ಯವಾದರೆ ಬೇರೆ ಯೋಚನೆಯೇ ಬೇಡ ಎಂಬುದು ನನ್ನ ಅಭಿಪ್ರಾಯ. ಡುಬ್ರೊವ್ನಿಕ್‌ನಿಂದ ವಾಯವ್ಯಕ್ಕೆ ಸುಮಾರು ಒಂದು ಗಂಟೆ ಕಾರಿನಲ್ಲಿ ಹೋದರೆ ಸ್ಟೊನ್ ಎಂಬ ಪುಟ್ಟ ಊರು ಸಿಗುತ್ತದೆ. ಅಲ್ಲಿಂದ ಮುಂದಕ್ಕೆ ಸುಮಾರು 65 ಕಿಲೋಮೀಟರ್ ಉದ್ದಕ್ಕೆ ಬೆಟ್ಟದ ಬೆನ್ನಿನಂತೆ ಸಮುದ್ರದೊಳಗೆ ಚಾಚಿಕೊಂಡಿರುವುದೇ ಪೆಲ್ಯೆಶಾತ್ಸ್.

ವೀಸಾ ವಿಷಯವನ್ನು ಮೊದಲು ಮುಗಿಸುತ್ತೇನೆ, ಏಕೆಂದರೆ ಇದರಲ್ಲಿ ಎಡವಿದರೆ ಇಡೀ ಪ್ರವಾಸವೇ ಕೆಡುತ್ತದೆ. ಸ್ಪ್ಲಿಟ್‌ನಿಂದ ಡುಬ್ರೊವ್ನಿಕ್‌ಗೆ ಹೋಗುವ ಹಳೆಯ ಕರಾವಳಿ ರಸ್ತೆಯು ನಡುವೆ ನೆಉಮ್ ಎಂಬಲ್ಲಿ ಬೋಸ್ನಿಯಾ ದೇಶದ ನೆಲವನ್ನು ಹಾಯ್ದು ಹೋಗುತ್ತದೆ. ಬೋಸ್ನಿಯಾ ಷೆಂಗೆನ್ ವಲಯದಲ್ಲಿ ಇಲ್ಲ. 2023ರ ಜನವರಿ 1ರಿಂದ ಕ್ರೊಯೇಷಿಯಾ ಷೆಂಗೆನ್‌ಗೆ ಸೇರಿರುವುದರಿಂದ, ಒಂದೇ ಪ್ರವೇಶದ ವೀಸಾ ಇರುವವರು ಆ ರಸ್ತೆಯಲ್ಲಿ ಒಮ್ಮೆ ಹೊರಗೆ ಕಾಲಿಟ್ಟರೆ ಮತ್ತೆ ಒಳಗೆ ಬರಲು ವೀಸಾ ಉಳಿದಿರುವುದಿಲ್ಲ. ಅದೃಷ್ಟಕ್ಕೆ 2022ರ ಜುಲೈ 26ರಂದು 2,404 ಮೀಟರ್ ಉದ್ದದ ಪೆಲ್ಯೆಶಾತ್ಸ್ ಸೇತುವೆ ತೆರೆಯಿತು. ಅದರ ಮೇಲೆ ಬಂದರೆ ಕ್ರೊಯೇಷಿಯಾದ ನೆಲ ಬಿಡದೆಯೇ ಡುಬ್ರೊವ್ನಿಕ್ ತಲುಪಬಹುದು. ಸೇತುವೆಗೆ ಸುಂಕವೂ ಇಲ್ಲ. ಬಸ್ಸಿನಲ್ಲಿ ಬರುವುದಾದರೆ ಅದು ಯಾವ ದಾರಿಯಲ್ಲಿ ಹೋಗುತ್ತದೆ ಎಂದು ಟಿಕೆಟ್ ಕೊಳ್ಳುವ ಮೊದಲೇ ಕೇಳಿ ಖಚಿತಪಡಿಸಿಕೊಳ್ಳಿ.

ಇನ್ನು ವೈನ್. ಪೆಲ್ಯೆಶಾತ್ಸ್‌ನ ಮುಖ್ಯ ತಳಿಯ ಹೆಸರು ಪ್ಲಾವಾತ್ಸ್ ಮಾಲಿ. ನೀಲಿಬಣ್ಣದ ಚಿಕ್ಕ ದ್ರಾಕ್ಷಿ ಎಂಬುದೇ ಆ ಹೆಸರಿನ ಅರ್ಥ. ಈ ತಳಿಯ ವಿಚಿತ್ರವೆಂದರೆ ಒಂದೇ ಗೊಂಚಲಿನ ಹಣ್ಣುಗಳೆಲ್ಲ ಒಟ್ಟಿಗೆ ಮಾಗುವುದಿಲ್ಲ. ಕೆಲವು ಇನ್ನೂ ಹುಳಿಯಾಗಿರುವಾಗ ಪಕ್ಕದ ಕೆಲವು ಬಳ್ಳಿಯಲ್ಲೇ ಒಣದ್ರಾಕ್ಷಿಯಂತೆ ಸುಕ್ಕುಗಟ್ಟಿರುತ್ತವೆ. ಹೀಗಾಗಿ ವೈನ್ ಗಾಢವಾಗಿಯೂ ಒಗರಾಗಿಯೂ ಇರುತ್ತದೆ, ಮದ್ಯಸಾರವಂತೂ ಶೇಕಡಾ 14ನ್ನು ಸುಲಭವಾಗಿ ದಾಟುತ್ತದೆ. ಡಿಂಗಾಚ್ ಎಂಬ ಇಳಿಜಾರಿನಲ್ಲಿ ಬೆಳೆದದ್ದಕ್ಕೆ ಹೆಚ್ಚಿನ ಬೆಲೆ. 1961ರಲ್ಲಿ ಕ್ರೊಯೇಷಿಯಾದಲ್ಲೇ ಮೊದಲನೆಯದಾಗಿ ಕಾನೂನಿನ ರಕ್ಷಣೆ ಪಡೆದ ವೈನ್ ಪ್ರದೇಶ ಅದು. ಕಡಲಿಗೆ ಮುಖಮಾಡಿದ ಆ ಕಡಿದಾದ ಇಳಿಜಾರಿಗೆ ಮೂರು ಸೂರ್ಯರು ಎಂದು ಅಲ್ಲಿನವರು ಹೇಳುತ್ತಾರೆ: ಒಂದು ಆಕಾಶದ್ದು, ಇನ್ನೊಂದು ಸಮುದ್ರದ ನೀರಿನಿಂದ ಹೊಳೆಯುವುದು, ಮತ್ತೊಂದು ಬಿಳಿಯ ಸುಣ್ಣಕಲ್ಲಿನಿಂದ ಪುಟಿಯುವುದು. ನಮ್ಮ ದೊಡ್ಡಬಳ್ಳಾಪುರದ ಕಡೆ ಬೆಂಗಳೂರು ಬ್ಲೂ ದ್ರಾಕ್ಷಿಯನ್ನು ಚಪ್ಪರದ ಮೇಲೆ ಹಬ್ಬಿಸುವುದನ್ನು ನೋಡಿದ ಕಣ್ಣಿಗೆ, ಆಸರೆಯಿಲ್ಲದೆ ಮೊಣಕಾಲೆತ್ತರದ ಪೊದೆಯಂತೆ ಕಲ್ಲುಗಳ ನಡುವೆ ನಿಂತ ಆ ಬಳ್ಳಿಗಳು ಬೇರೆಯೇ ಗಿಡವೆನಿಸುತ್ತವೆ.

ಹಿಂದೆ ಆ ಇಳಿಜಾರಿನಿಂದ ದ್ರಾಕ್ಷಿಯನ್ನು ಕತ್ತೆಗಳ ಬೆನ್ನ ಮೇಲೆ ಹೇರಿ ಬೆಟ್ಟ ದಾಟಿಸುತ್ತಿದ್ದರು. 1970ರ ದಶಕದಲ್ಲಿ ಪೊತೊಮ್ಯೆ ಹಳ್ಳಿಯಿಂದ ಬೆಟ್ಟದ ಹೊಟ್ಟೆಯನ್ನು ಕೊರೆದು ಸುಮಾರು 400 ಮೀಟರ್ ಸುರಂಗ ಮಾಡಿದರು. ಅದು ಒಂದೇ ವಾಹನ ಹೋಗುವಷ್ಟು ಇಕ್ಕಟ್ಟಾಗಿದೆ. ಕತ್ತಲೆಯಲ್ಲಿ ಒಳಹೊಕ್ಕು ಆ ಬದಿಗೆ ಹೊರಬಂದಾಗ ಕಾಲ ಬುಡದಿಂದ ಸಮುದ್ರದವರೆಗೆ ದ್ರಾಕ್ಷಿಯೇ ಕಾಣುತ್ತದೆ. ಆ ಒಂದು ನೋಟಕ್ಕೆ ವೈನ್ ಕುಡಿಯುವ ಅಗತ್ಯವಿಲ್ಲ, ಆದ್ದರಿಂದ ನಿಮ್ಮ ಅತ್ತೆಯವರಿಗೂ ಅದು ದಕ್ಕುತ್ತದೆ.

ನಿಮ್ಮ ಯಜಮಾನರಿಗೆ ಇನ್ನೊಂದು ಕಥೆ ಇಷ್ಟವಾಗಬಹುದು. ಕ್ಯಾಲಿಫೋರ್ನಿಯಾದ ಪ್ರಸಿದ್ಧ ಜಿನ್‌ಫಂಡೆಲ್ ದ್ರಾಕ್ಷಿಯ ಮೂಲ ಎಲ್ಲಿಯದೆಂದು ಬಹುಕಾಲ ತಿಳಿದಿರಲಿಲ್ಲ. ನೆರೆತ್ವಾ ನದಿಯ ಬಳಿಯ ದೆಸ್ನೆ ಹಳ್ಳಿಯಲ್ಲಿ 1923ರಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದ ಮೈಕ್ ಗ್ರ್‌ಗಿಚ್ ಅವರಿಗೆ ಅದು ಊರಿನ ಪ್ಲಾವಾತ್ಸ್ ಮಾಲಿಯೇ ಇರಬೇಕೆಂಬ ಗುಮಾನಿಯಿತ್ತು. 1976ರ ಪ್ಯಾರಿಸ್ ರುಚಿಪರೀಕ್ಷೆಯಲ್ಲಿ ಫ್ರೆಂಚರನ್ನು ಹಿಂದಿಕ್ಕಿದ ಶಾರ್ಡನೇ ವೈನನ್ನು ತಯಾರಿಸಿದವರು ಅವರೇ. ಡಿಎನ್‌ಎ ಪರೀಕ್ಷೆ ನಡೆದಾಗ ಎರಡೂ ಒಂದೇ ಅಲ್ಲ, ತಾಯಿ ಮಗುವಿನ ಸಂಬಂಧ ಎಂದು ತಿಳಿಯಿತು. 2001ರಲ್ಲಿ ಸ್ಪ್ಲಿಟ್ ಸಮೀಪದ ಕಷ್ಟೆಲಾದ ಒಂದು ಹಳೆಯ ತೋಟದಲ್ಲಿ ಬೆರಳೆಣಿಕೆಯ ಬಳ್ಳಿಗಳು ಜಿನ್‌ಫಂಡೆಲ್‌ಗೆ ಹೊಂದಿಕೆಯಾದವು. ಈಗ ಅದನ್ನು ಹಳೆಯ ಹೆಸರಾದ ತ್ರಿಬಿದ್ರಾಗ್ ಎಂದೂ ಕರೆಯುತ್ತಾರೆ. ಅದಕ್ಕೂ ಶೋಲ್ತಾ ದ್ವೀಪದ ದೊಬ್ರಿಚಿಚ್ ತಳಿಗೂ ಹುಟ್ಟಿದ್ದು ಪ್ಲಾವಾತ್ಸ್ ಮಾಲಿ. ಗ್ರ್‌ಗಿಚ್ ಅವರು 1996ರಲ್ಲಿ ಪೆಲ್ಯೆಶಾತ್ಸ್‌ನ ಟ್ರಸ್ಟೆನಿಕ್‌ನಲ್ಲಿ ವೈನರಿ ಆರಂಭಿಸಿದರು.

ಹಿಂದಿರುಗುವಾಗ ಸ್ಟೊನ್‌ನಲ್ಲಿ ನಿಲ್ಲಿಸಿ. ಡುಬ್ರೊವ್ನಿಕ್ ಗಣರಾಜ್ಯವು 1333ರಲ್ಲಿ ಈ ನೆಲವನ್ನು ಪಡೆದ ಮೇಲೆ ಕಟ್ಟತೊಡಗಿದ ಕೋಟೆಗೋಡೆ ಇಂದಿಗೂ ಐದು ಕಿಲೋಮೀಟರಿಗೂ ಹೆಚ್ಚು ಉಳಿದಿದೆ. ಅದು ಕಾಯುತ್ತಿದ್ದದ್ದು ಚಿನ್ನವನ್ನಲ್ಲ, ಉಪ್ಪನ್ನು. ಸಮುದ್ರದ ನೀರು, ಬಿಸಿಲು, ಗಾಳಿ ಇವಿಷ್ಟರಿಂದಲೇ ಉಪ್ಪು ತೆಗೆಯುವ ಆ ಹಳೆಯ ಗದ್ದೆಗಳು ಈಗಲೂ ಕೆಲಸ ಮಾಡುತ್ತಿವೆ.

ಒಣದ್ರಾಕ್ಷಿ

ಮೇಲಿನವರು ವಿವರವಾಗಿ ಬರೆದಿರುವುದರಿಂದ ನಾನು ಕಾರು ಮತ್ತು ಟೂರಿನ ವಿಷಯಕ್ಕೆ ಸೀಮಿತವಾಗಿರುತ್ತೇನೆ. ಕ್ರೊಯೇಷಿಯಾದಲ್ಲಿ ಸಾಮಾನ್ಯ ಚಾಲಕರಿಗೆ ರಕ್ತದಲ್ಲಿ ಮದ್ಯದ ಮಿತಿ ಸಾವಿರಕ್ಕೆ 0.5. ಎಳೆಯ ಚಾಲಕರಿಗೂ ವೃತ್ತಿಪರ ಚಾಲಕರಿಗೂ ಅದು ಸೊನ್ನೆ. ಶೇಕಡಾ 14ಕ್ಕೂ ಮೀರಿದ ಪ್ಲಾವಾತ್ಸ್ ಮಾಲಿಯನ್ನು ನಾಲ್ಕೈದು ಬಗೆ ಸವಿದವರು, ಗುಟುಕು ಚಿಕ್ಕದಾದರೂ, ಆ ಅಂಕುಡೊಂಕಿನ ರಸ್ತೆಯಲ್ಲಿ ಸ್ಟಿಯರಿಂಗ್ ಹಿಡಿಯುವುದು ಸರಿಯಲ್ಲ. ಆದ್ದರಿಂದ ತಾವಾದರೂ ಆ ದಿನ ಒಂದು ಹನಿಯನ್ನೂ ಮುಟ್ಟದೆ ಓಡಿಸುತ್ತೀರಾದರೆ ಕಾರು ತೆಗೆದುಕೊಳ್ಳಿ, ಇಲ್ಲವಾದರೆ ಚಾಲಕನ ಸಮೇತ ಬಾಡಿಗೆಗೆ ಪಡೆಯಿರಿ.

ಗುಂಪು ಪ್ರವಾಸದ ಬಗ್ಗೆ ನನಗೆ ಒಳ್ಳೆಯ ನೆನಪಿಲ್ಲ. ನಾವು ಹೋದ ಬಸ್ಸಿನವರು ಒಂದೇ ದಿನದಲ್ಲಿ ನಾಲ್ಕು ವೈನರಿಗಳು, ಸ್ಟೊನ್ ಕೋಟೆ, ಅದರ ಮೇಲೆ ಒಂದು ಬೀಚನ್ನೂ ಸೇರಿಸಿದ್ದರು. ಮೂರನೆಯ ನೆಲಮಾಳಿಗೆಯ ಹೊತ್ತಿಗೆ ಅರ್ಧ ಜನ ನಿದ್ದೆ ಹೋಗಿದ್ದರು, ಊಟವೆಂದು ಮೂರೂವರೆ ಗಂಟೆಗೆ ಬಂದದ್ದು ತಣ್ಣಗಿನ ಮಾಂಸದ ತಟ್ಟೆ. ವಯಸ್ಸಾದವರನ್ನು ಅಂಥದರಲ್ಲಿ ಕರೆದೊಯ್ಯಬೇಡಿ. ಎರಡು ವೈನರಿಗಳು ಸಾಕು, ಒಂದು ಊಟಕ್ಕೆ ಮೊದಲು, ಒಂದು ಬೇಕೆನಿಸಿದರೆ ಆಮೇಲೆ. ಸೆಪ್ಟೆಂಬರ್ ಕೊಯ್ಲಿನ ಕಾಲವಾದ್ದರಿಂದ ಮನೆಮಂದಿಯೆಲ್ಲ ತೋಟದಲ್ಲಿರುತ್ತಾರೆ, ಮೊದಲೇ ಬರೆದು ಸಮಯ ಗೊತ್ತು ಮಾಡಿಕೊಳ್ಳದೆ ಹೋದರೆ ಬಾಗಿಲು ಹಾಕಿರುವ ಸಾಧ್ಯತೆಯೇ ಹೆಚ್ಚು. ಆದರೆ ಗೊತ್ತು ಮಾಡಿಕೊಂಡು ಹೋದವರಿಗೆ ಹುದುಗು ಬರುತ್ತಿರುವ ದ್ರಾಕ್ಷಿರಸದ ಘಮ ಊರಿಗೆಲ್ಲ ಹರಡಿರುವುದು ಆ ಒಂದು ತಿಂಗಳಲ್ಲಿ ಮಾತ್ರ ಸಿಗುತ್ತದೆ.

ಮನೆಗೆ ತರುವುದಾದರೆ ಭಾರತದ ಕಸ್ಟಮ್ಸ್ ಪ್ರಕಾರ ಒಬ್ಬರಿಗೆ ಸುಂಕವಿಲ್ಲದೆ ಎರಡು ಲೀಟರ್ ಮಾತ್ರ. ಅಂದರೆ ಸಾಮಾನ್ಯ ಅಳತೆಯ ಎರಡು ಬಾಟಲಿ. ಅತ್ತೆಯವರ ಪಾಲಿನ ಎರಡು ಲೀಟರಿನ ಮೇಲೆ ಯಜಮಾನರ ಕಣ್ಣು ಬೀಳದಿರುವುದಿಲ್ಲ ಎಂದುಕೊಳ್ಳುತ್ತೇನೆ.

ಜಾಗ್ರೆಬ್‌ನಲ್ಲಿದ್ದವಳು

ನಾನು ಮೂರು ವರ್ಷ ಜಾಗ್ರೆಬ್‌ನಲ್ಲಿ ಸಂಸಾರ ಮಾಡಿದವಳು, ಮನೆಯಲ್ಲಿ ಸಸ್ಯಾಹಾರ. ಊಟದ ಬಗ್ಗೆ ನೇರವಾಗಿ ಹೇಳಿಬಿಡುತ್ತೇನೆ: ಡಾಲ್ಮೇಷಿಯಾ ಕರಾವಳಿಯ ಸಾಂಪ್ರದಾಯಿಕ ಅಡುಗೆಯಲ್ಲಿ ಹೆಸರುವಾಸಿಯಾದವುಗಳಲ್ಲಿ ಹೆಚ್ಚಿನವು ನಿಮ್ಮ ಅತ್ತೆಯವರಿಗೆ ಆಗುವುದಿಲ್ಲ. ಪ್ರಶುತ್ ಎಂದರೆ ಗಾಳಿಯಲ್ಲಿ ಒಣಗಿಸಿದ ಹಂದಿಯ ತೊಡೆ. ಪಷ್ಟಿತ್ಸಾದಾ ಎಂದರೆ ವಿನೆಗರಿನಲ್ಲಿ ನೆನೆಸಿ, ವೈನ್ ಮತ್ತು ಒಣ ಪ್ಲಮ್ ಹಾಕಿ ಗಂಟೆಗಟ್ಟಲೆ ಬೇಯಿಸಿದ ದನದ ಮಾಂಸ. ಕಪ್ಪು ಅನ್ನವೆಂದು ಕಾಣುವುದು ಒಂದು ಬಗೆಯ ಕಡಲಜೀವಿಯ ಮಸಿಯಿಂದ ಕಪ್ಪಾದದ್ದು. ಮಾಲಿ ಸ್ಟೊನ್‌ನ ಚಿಪ್ಪುಜೀವಿಗಳನ್ನು ಹಸಿಯಾಗಿಯೇ ನಿಂಬೆ ಹಿಂಡಿ ತಿನ್ನುತ್ತಾರೆ. ಇವನ್ನೆಲ್ಲ ಮೊದಲೇ ಅವರಿಗೆ ಹೇಳಿಟ್ಟರೆ ಅಲ್ಲಿ ಪಕ್ಕದ ಮೇಜನ್ನು ನೋಡಿ ಮುಜುಗರಪಡುವುದು ತಪ್ಪುತ್ತದೆ.

ಹಾಗೆಂದು ಉಪವಾಸ ಬೀಳಬೇಕಾಗಿಲ್ಲ. ಬ್ಲಿತ್ವಾ ಎಂಬ ಸೊಪ್ಪನ್ನು ಆಲೂಗೆಡ್ಡೆ, ಬೆಳ್ಳುಳ್ಳಿ, ಆಲಿವ್ ಎಣ್ಣೆಯೊಂದಿಗೆ ಬೇಯಿಸುವ ಪಲ್ಯ ಪ್ರತಿಯೊಂದು ಕೊನೊಬಾದಲ್ಲಿಯೂ ಸಿಗುತ್ತದೆ. ಅವರಿಗದು ಮೀನಿನ ಪಕ್ಕದ ವ್ಯಂಜನ, ನಮಗೆ ಅದೇ ಊಟ. ಮೂಲತಃ ಕೊನೊಬಾ ಎಂದರೆ ವೈನ್ ಮತ್ತು ಎಣ್ಣೆ ಇಡುವ ಉಗ್ರಾಣ, ಈಗ ಹಳ್ಳಿ ಶೈಲಿಯ ಊಟದ ಮನೆಗೂ ಅದೇ ಹೆಸರು. ಪೆಕಾ ಎಂಬುದನ್ನು ಎಲ್ಲರೂ ಹೊಗಳುತ್ತಾರೆ. ಅಗಲವಾದ ತಟ್ಟೆಯಲ್ಲಿ ಪದಾರ್ಥವಿಟ್ಟು, ಗಂಟೆಯಾಕಾರದ ಕಬ್ಬಿಣದ ಮುಚ್ಚಳ ಮುಚ್ಚಿ, ಅದರ ಮೇಲೆ ಕೆಂಡ ಸುರಿದು ನಿಧಾನವಾಗಿ ಬೇಯಿಸುವ ವಿಧಾನ ಅದು. ಕೆಳಗೂ ಮೇಲೂ ಕೆಂಡವಿಟ್ಟು ಬೇಯಿಸುವುದು ನಮ್ಮ ಹಿರಿಯರಿಗೂ ಗೊತ್ತಿದ್ದ ವಿದ್ಯೆಯೇ. ಸಾಮಾನ್ಯವಾಗಿ ಒಳಗಿರುವುದು ಕುರಿಮರಿ, ಕರು ಅಥವಾ ಆಕ್ಟೋಪಸ್. ಬೇಯಲು ಗಂಟೆಗಳೇ ಬೇಕಾದ್ದರಿಂದ ಹೇಗೂ ಹಿಂದಿನ ದಿನವೇ ಹೇಳಿಡಬೇಕು. ಹೇಳುವಾಗ ತರಕಾರಿಯನ್ನಷ್ಟೇ ಇಟ್ಟ ಇನ್ನೊಂದು ಪೆಕಾ ಬೇಕು, ಅದಕ್ಕೆ ಕೊಬ್ಬು ಹಾಕಬಾರದು, ಆಲಿವ್ ಎಣ್ಣೆ ಮಾತ್ರ ಎಂದು ಬರೆದು ಕೇಳಿ. "ಬೆಜ್ ಮೆಸಾ, ಬೆಜ್ ರಿಬೆ, ಬೆಜ್ ಯಾಯಾ" ಎಂದರೆ ಮಾಂಸ, ಮೀನು, ಮೊಟ್ಟೆ ಇಲ್ಲದೆ ಎಂದು ಅರ್ಥ. ಈ ಮೂರು ಮಾತು ಕಲಿತಿಟ್ಟುಕೊಂಡರೆ ಅರ್ಧ ಕಷ್ಟ ಕಳೆಯಿತು. ಬೀನ್ಸ್ ಸಾರೆಂದು ಕೊಟ್ಟದ್ದರಲ್ಲಿ ಹಂದಿಯ ತುಂಡು ಇರುವುದು ಅಲ್ಲಿ ಮಾಮೂಲು, ಆದ್ದರಿಂದ ಕಾಳು ಕಂಡಿತೆಂದು ನಂಬಬೇಡಿ.

ಪಾಗ್ ದ್ವೀಪದ ಕುರಿಹಾಲಿನ ಗಿಣ್ಣು (ಚೀಸ್) ಪ್ರಸಿದ್ಧ, ಎಣ್ಣೆಯಲ್ಲಿ ನೆನೆಸಿಟ್ಟ ಗಿಣ್ಣು ಡುಬ್ರೊವ್ನಿಕ್ ಕಡೆಯ ವಾಡಿಕೆ. ಕೆಲವು ಗಿಣ್ಣುಗಳಲ್ಲಿ ಹಾಲು ಒಡೆಸಲು ಕರು ಅಥವಾ ಕುರಿಮರಿಯ ಹೊಟ್ಟೆಯಿಂದ ತೆಗೆದ ಕಿಣ್ವವನ್ನು ಬಳಸುತ್ತಾರೆ, ಕಟ್ಟುನಿಟ್ಟಿನವರು ಕೇಳಿಯೇ ತಿನ್ನಬೇಕು. ಸಿಹಿಯಲ್ಲಿ ರೊಜಾತಾ ಪೂರ್ತಿ ಮೊಟ್ಟೆಯ ಪದಾರ್ಥ. ಸ್ಟೊನ್‌ನ ಕೇಕಿನೊಳಗೆ ಮ್ಯಾಕರೋನಿ ತುಂಬಿರುತ್ತಾರೆಂದು ಕೇಳಿ ನನಗೆ ನಮ್ಮ ಶಾವಿಗೆ ಪಾಯಸ ನೆನಪಾಗಿತ್ತು, ಆದರೆ ಅದರಲ್ಲಿಯೂ ಮೊಟ್ಟೆಯಿದೆ. ಅದರ ಬದಲು ಸಕ್ಕರೆ ಪಾಕದಲ್ಲಿ ಕಾಸಿದ ಕಿತ್ತಳೆ ಸಿಪ್ಪೆ, ಸಕ್ಕರೆ ಹತ್ತಿಸಿದ ಬಾದಾಮಿ, ಒಣ ಅಂಜೂರ ಇವನ್ನು ಕೊಡಿಸಿ. ಸ್ಪ್ಲಿಟ್‌ನಲ್ಲಿರುವಾಗ ಸೊಪಾರ್ನಿಕ್ ಹುಡುಕಿ. ಎರಡು ತೆಳ್ಳನೆಯ ಹಿಟ್ಟಿನ ಹಾಳೆಗಳ ನಡುವೆ ಬ್ಲಿತ್ವಾ ಸೊಪ್ಪು, ಈರುಳ್ಳಿ ಹರಡಿ ಒಲೆಯ ನೆಲದ ಮೇಲೆ ಬೂದಿ ಕೆಂಡದಲ್ಲಿ ಸುಟ್ಟು, ಮೇಲೆ ಬೆಳ್ಳುಳ್ಳಿ ಎಣ್ಣೆ ಸವರುವ ತಿಂಡಿ. ಸಾಂಪ್ರದಾಯಿಕ ವಿಧಾನದಲ್ಲಿ ಮೊಟ್ಟೆಯಿಲ್ಲ, ಹಾಲಿಲ್ಲ. ಸ್ಪ್ಲಿಟ್‌ನ ಸೊಪ್ಪಿನ ಮಾರುಕಟ್ಟೆಯಲ್ಲಿ ತುಂಡು ಮಾಡಿ ಮಾರುತ್ತಾರೆ.

ಕಡಲೂರಿನವ

ಎಲ್ಲರ ಮಾತೂ ಸರಿ, ಆದರೆ ಪ್ರಶ್ನೆ ಕೇಳಿದವರ ಅತ್ತೆಯವರನ್ನು ನಾವು ಊಟದ ತಟ್ಟೆಯಲ್ಲಿ ಮಾತ್ರ ನೆನೆಯುತ್ತಿದ್ದೇವೆ. ಪೊತೊಮ್ಯೆಗೆ ಹೋಗಿ ಬರಲು ಹತ್ತಿರ ಹತ್ತಿರ ನಾಲ್ಕು ಗಂಟೆ ಕಾರಿನಲ್ಲಿಯೇ ಕಳೆಯುತ್ತದೆ. ಕುಡಿಯದವರಿಗೆ ಉಳಿಯುವುದು ಒಂದು ಸುರಂಗ ಮತ್ತು ಒಂದು ಕೋಟೆಗೋಡೆ, ಅದರ ಮೆಟ್ಟಿಲುಗಳೂ ಕಡಿದು. ನಾನಾಗಿದ್ದರೆ ಪೆಲ್ಯೆಶಾತ್ಸ್ ಬಿಟ್ಟು ಡುಬ್ರೊವ್ನಿಕ್‌ನ ಆಗ್ನೇಯಕ್ಕಿರುವ ಕೊನಾವ್ಲೆ ಕಣಿವೆಗೆ ಹೋಗುತ್ತಿದ್ದೆ. ವಿಮಾನ ನಿಲ್ದಾಣವಿರುವ ಕಡೆಯೇ ಅದು, ಮುಕ್ಕಾಲು ಗಂಟೆಯೊಳಗೆ ತಲುಪಬಹುದು. ಕಣಿವೆಯ ನೆಲ ಸಮತಟ್ಟು, ಸುತ್ತ ಬೂದುಬಣ್ಣದ ಬೆಟ್ಟ, ಸೈಪ್ರೆಸ್ ಮರಗಳು, ಹೊಲಗಳು. ಅಲ್ಲಿನ ವೈನ್ ಬಿಳಿಯದು, ಡುಬ್ರೊವ್ನಿಕ್ ಮಲ್ವಾಸಿಯಾ ಎಂಬ ಸ್ಥಳೀಯ ತಳಿಯದು. ಪ್ಲಾವಾತ್ಸ್ ಮಾಲಿಯ ಅಬ್ಬರವಿಲ್ಲ, ಮಧ್ಯಾಹ್ನದ ಬಿಸಿಲಿಗೆ ನನಗೆ ಅದೇ ಹಿತ. ಲ್ಯೂತಾ ಎಂಬ ಸಣ್ಣ ಹೊಳೆಯ ದಂಡೆಯಲ್ಲಿ ಹಳೆಯ ನೀರುಗಿರಣಿಗಳಿವೆ, ಅಲ್ಲಿಯೇ ಮರದ ನೆರಳಿನಲ್ಲಿ ನೀರಿನ ಸದ್ದು ಕೇಳುತ್ತಾ ಊಟ ಮಾಡಬಹುದು. ಪೆಕಾ ಅಲ್ಲಿಯೂ ಸಿಗುತ್ತದೆ.

ಇನ್ನೊಂದು ಸಂಗತಿಯಿದೆ. ಕೊನಾವ್ಲೆಯ ಹೆಂಗಸರ ಹಬ್ಬದ ಉಡುಪಿನ ಎದೆಯ ಭಾಗಕ್ಕೂ ತೋಳಿನ ತುದಿಗೂ ಬಿಡಿಸುವ ಕಸೂತಿ ಬಲು ಪ್ರಸಿದ್ಧ. ಅದರ ನೂಲು ರೇಷ್ಮೆಯದು, ಮತ್ತು ಆ ರೇಷ್ಮೆಯನ್ನು ಹೊರಗಿನಿಂದ ತರುತ್ತಿರಲಿಲ್ಲ. ಮನೆಯಂಗಳದ ಹಿಪ್ಪುನೇರಳೆಯ ಸೊಪ್ಪು ಹಾಕಿ, ಹುಳು ಸಾಕಿ, ಗೂಡು ಬಿಚ್ಚಿ, ಗಿಡಮೂಲಿಕೆಗಳಿಂದ ಬಣ್ಣ ಕಟ್ಟಿ ಮನೆಯವರೇ ಸಿದ್ಧಮಾಡುತ್ತಿದ್ದರು. ಮೊಟ್ಟೆಗಳು ಒಡೆಯಲೆಂದು ಹೆಂಗಸರು ಅವನ್ನು ಎದೆಯ ಬಳಿ ಬೆಚ್ಚಗೆ ಇಟ್ಟುಕೊಳ್ಳುತ್ತಿದ್ದರಂತೆ. ಈಗಲೂ ಕೆಲವು ಮನೆಗಳವರು ಈ ಕೆಲಸವನ್ನು ಉಳಿಸಿಕೊಂಡಿದ್ದಾರೆ. ಚಿಲಿಪಿ ಹಳ್ಳಿಯ ವಸ್ತುಸಂಗ್ರಹಾಲಯದಲ್ಲಿ ಹಳೆಯ ಉಡುಪುಗಳನ್ನು ನೋಡಬಹುದು. ಈಸ್ಟರಿನಿಂದ ಅಕ್ಟೋಬರ್‌ವರೆಗೆ ಭಾನುವಾರ ಬೆಳಿಗ್ಗೆ ಚರ್ಚಿನ ಪೂಜೆ ಮುಗಿದ ಮೇಲೆ ಅದೇ ಉಡುಪು ತೊಟ್ಟು ಊರ ಚೌಕದಲ್ಲಿ ಕುಣಿಯುತ್ತಾರೆ. ನಿಮ್ಮ ದಿನಗಳಲ್ಲಿ ಭಾನುವಾರ ಇದೆಯೇ ನೋಡಿಕೊಳ್ಳಿ.

ಕುಕ್ಕರಹಳ್ಳಿ ವಾಸಿ

ಎಲ್ಲರಿಗೂ ತುಂಬು ಹೃದಯದ ಧನ್ಯವಾದಗಳು. ಕಡಲೂರಿನವರು ಬರೆದ ರೇಷ್ಮೆಯ ಭಾಗವನ್ನು ನಿನ್ನೆ ರಾತ್ರಿ ಅತ್ತೆಯವರಿಗೆ ಓದಿ ಹೇಳಿದೆ. ಅವರ ತವರು ಕನಕಪುರದ ಬಳಿ, ಮದುವೆಯಾಗುವ ತನಕ ಹುಳು ಮನೆಯಲ್ಲೇ ಬೆಳೆದವರು ಎಂಬುದು ನನಗೆ ಗೊತ್ತಿದ್ದರೂ ಇದರೊಂದಿಗೆ ಹೊಂದಿಸಿ ನೋಡಲು ತೋಚಿರಲಿಲ್ಲ. ಅವರು ಕೇಳಿದ ಮೊದಲ ಪ್ರಶ್ನೆ: "ಅವರ ಹತ್ತಿರ ಚಂದ್ರಿಕೆ ಇದೆಯಂತಾ, ಹುಳು ಎಲ್ಲಿ ಗೂಡು ಕಟ್ಟುತ್ತದೆ?" ಚಂದ್ರಿಕೆಯೆಂದರೆ ಹುಳು ಗೂಡು ಕಟ್ಟಲು ಇಡುವ ಬಿದಿರಿನ ತಟ್ಟೆ. ನನಗೆ ಉತ್ತರ ಗೊತ್ತಿರಲಿಲ್ಲ. ಸೆಪ್ಟೆಂಬರ್‌ನಲ್ಲಿ ಅಲ್ಲಿ ಹುಳು ಇರುತ್ತದೆಯೇ, ಸೊಪ್ಪು ಬಲಿತು ಹೋಗಿರುವುದಿಲ್ಲವೇ ಎಂದು ಮತ್ತೆ ಕೇಳಿದರು. ರೂಮಿನಲ್ಲಿ ಇರುವ ಮಾತು ಆಮೇಲೆ ಬರಲಿಲ್ಲ.

ಹೀಗಾಗಿ ಕೊನಾವ್ಲೆಗೇ ಹೋಗುವುದೆಂದು ತೀರ್ಮಾನವಾಗಿದೆ, ಅದೂ ಭಾನುವಾರ. ಯಜಮಾನರ ಮುಖ ಸ್ವಲ್ಪ ಸಣ್ಣದಾಗಿದೆ, ಡಿಂಗಾಚ್ ಸುರಂಗ ಅವರ ಮನಸ್ಸಿನಲ್ಲಿ ಕುಳಿತುಬಿಟ್ಟಿದೆ. ಅದಕ್ಕೇನಾದರೂ ಉಪಾಯವಿದೆಯೇ?

ಮ್ಯೂನಿಕ್ ಮಲೆನಾಡಿಗ

ಇದೆ ಮೇಡಂ. ನೀವು ಸ್ಪ್ಲಿಟ್‌ನಿಂದ ಬರುವ ದಿನವೇ ಸೇತುವೆ ದಾಟಿದ ಮೇಲೆ ಪೆಲ್ಯೆಶಾತ್ಸ್‌ನ ಮೇಲೆಯೇ ಇರುತ್ತೀರಿ. ಅಲ್ಲಿಂದ ನೇರವಾಗಿ ಡುಬ್ರೊವ್ನಿಕ್‌ಗೆ ತಿರುಗದೆ ಪಶ್ಚಿಮಕ್ಕೆ ಪೊತೊಮ್ಯೆವರೆಗೆ ಹೋಗಿ, ಸುರಂಗ ನೋಡಿ, ಒಂದೇ ಒಂದು ವೈನರಿಯಲ್ಲಿ ಯಜಮಾನರಿಗೆ ರುಚಿ ತೋರಿಸಿ, ಸಂಜೆಗೆ ಡುಬ್ರೊವ್ನಿಕ್ ಸೇರಬಹುದು. ಬೆಳಿಗ್ಗೆ ಎಂಟಕ್ಕೆ ಸ್ಪ್ಲಿಟ್ ಬಿಟ್ಟರೆ ಆತುರವಾಗುವುದಿಲ್ಲ. ಬುತ್ತಿಗೆ ಸೊಪಾರ್ನಿಕ್ ಕಟ್ಟಿಸಿಕೊಳ್ಳಿ, ತಣ್ಣಗಾದರೂ ಚೆನ್ನಾಗಿರುತ್ತದೆ. ಆ ದಿನ ಕಾರು ಓಡಿಸುವವರು ನೀವೇ ಎಂಬುದನ್ನು ಮಾತ್ರ ಮರೆಯಬೇಡಿ.

ಕೊನಾವ್ಲೆಯ ವಿಷಯದಲ್ಲಿ ನಾನು ಸೋತೆನೆಂದು ಒಪ್ಪಿಕೊಳ್ಳುತ್ತೇನೆ. ಎರಡು ಬಾರಿ ಹೋದರೂ ಆ ಕಣಿವೆಯನ್ನು ವಿಮಾನ ಇಳಿಯುವಾಗ ಕಿಟಕಿಯಿಂದ ಕಂಡದ್ದಷ್ಟೇ. ಹೋಗಿ ಬಂದ ಮೇಲೆ ಅಲ್ಲಿ ಗೂಡು ಯಾವುದರ ಮೇಲೆ ಕಟ್ಟಿಸುತ್ತಾರೆಂದು ಅತ್ತೆಯವರನ್ನು ಕೇಳಿ ಇಲ್ಲಿ ಬರೆಯಿರಿ.